ಎರಡೆರಡು ನಡುಮಿದುಳು

ಕಷ್ಟ ಹೇಳಿಕೊಂಡದ್ದೇ ತಪ್ಪಾಯಿತು. ಮೂರು ದಿನದ ಹಿಂದೆ ಚಹಾದ ಹೊತ್ತಿನಲ್ಲಿ ಮಣಿಯಣ್ಣ, “ಈ ಸಲವೂ ಪ್ರಯೋಗ ಕೈಕೊಟ್ಟರೆ ನನ್ನ ಕೆಲಸ ಹೋದ ಹಾಗೇ” ಎಂದು ಇಡೀ ಪ್ರಯೋಗಾಲಯದ ಮುಂದೆ ಮೂಗೊರೆಸಿಕೊಂಡಿದ್ದ. ನೆಗಡಿಯಿತ್ತು ಪಾಪ. ನೋಡಿದವರು ಅಳು ಎಂದುಕೊಂಡರು.

ಮೊಟ್ಟೆಯ ಸಿಪ್ಪೆಯಲ್ಲಿ ಪುಟ್ಟ ಕಿಟಕಿ ಕೊರೆದು, ಒಳಗಿನ ಕೋಳಿಭ್ರೂಣದ ಮಿದುಳಿಗೆ ಸಾಸಿವೆಗಿಂತ ಚಿಕ್ಕ ಮಣಿ ಇಡುವುದು ಅವನ ಕಸುಬು. ಹಾಗಾಗಿ ಆ ಹೆಸರು. ಮಿದುಳು ರೂಪುಗೊಳ್ಳುವಾಗ ಒಂದು ಜಾಗದ ಕೋಶಗಳು ಸಂಕೇತದ ಅಣುವನ್ನು ಹೊರಬಿಡುತ್ತವೆ. ಅಡುಗೆಮನೆಯಲ್ಲಿ ಏನಾದರೂ ಕರಿದರೆ ಘಮ ನಡುಮನೆಗೆ ಜೋರಾಗಿ, ಗೇಟಿಗೆ ಮಂದವಾಗಿ ತಲುಪುತ್ತದಲ್ಲ, ಹಾಗೆ ಹತ್ತಿರದ ಕೋಶಕ್ಕೆ ಹೆಚ್ಚು, ದೂರದ್ದಕ್ಕೆ ಕಡಿಮೆ. ಎಷ್ಟು ಸಿಕ್ಕಿತೆಂದು ನೋಡಿಕೊಂಡು ಒಂದೊಂದು ಕೋಶವೂ ತಾನೇನಾಗಬೇಕೆಂದು ತೀರ್ಮಾನಿಸುತ್ತದೆ. ಆ ಅಣುವಿನಲ್ಲಿ ನೆನೆಸಿದ ಮಣಿಯನ್ನು ಮುಮ್ಮಿದುಳಿನ ಹಿಂಬದಿಗೆ ಇಟ್ಟರೆ ಅಲ್ಲಿನ ಕೋಶಗಳು ಮೋಸಹೋಗಿ ಎರಡನೆಯ ನಡುಮಿದುಳನ್ನೇ ಕಟ್ಟುತ್ತವೆ. ಬರೀ ಉಪ್ಪುನೀರಿನಲ್ಲಿ ನೆನೆಸಿದ ಮಣಿ ಇಟ್ಟರೆ ಏನೂ ಆಗಬಾರದು. ಎರಡನ್ನೂ ತೋರಿಸಿದರೆ ಮಾತ್ರ ಸಾಬೀತು.

ಇವತ್ತು ನಾಲ್ಕು ಗಂಟೆಗೆ ದೊಡ್ಡ ಮೇಡಂ ನೋಡುವವರಿದ್ದರು. ಸರಿಕಂಡರೆ ಇನ್ನೆರಡು ವರ್ಷ ಕೆಲಸ. ಇಲ್ಲದಿದ್ದರೆ ತಿಂಗಳ ಕೊನೆಗೆ ಮನೆ.

ಬೆಳಿಗ್ಗೆಯೇ ಹೆಂಡತಿಯ ಫೋನು. “ರೀ, ಎರಡು ವರ್ಷ ಮುಂದುವರಿಸಿದ್ರು ಅಂತ ಅಕ್ಕಪಕ್ಕದವ್ರಿಗೆಲ್ಲ ಹೇಳ್ಬಿಟ್ಟೆ.”

“ಇನ್ನೂ ಆಗಿಲ್ಲ ಕಣೇ!”

“ಆಗತ್ತಲ್ಲ, ಬಿಡಿ. ನಮ್ಮಮ್ಮನಿಗೂ ಹೇಳ್ಬಿಟ್ಟಿದೀನಿ.”

ಅತ್ತೆಗೆ ಹೇಳಿದ ಮೇಲೆ ಊರಿಗೆ ಡಂಗುರ ಸಾರಿದಂತೆಯೇ. ಬೆವರೊರೆಸಿಕೊಳ್ಳುತ್ತ ಮಣಿಯಣ್ಣ ಕಾವುಪೆಟ್ಟಿಗೆಯ ಹತ್ತಿರ ಹೋದರೆ, ಇಪ್ಪತ್ತು ವರ್ಷದಿಂದ ಅದನ್ನು ಕಾಯುತ್ತಿರುವ ಅಕ್ಕ ಬಾಗಿಲಿಗೆ ಅಡ್ಡ ನಿಂತಿದ್ದರು.

“ನಾಲ್ಕು ಗಂಟೆವರೆಗೂ ಮುಟ್ಟಬೇಡ. ಗಾಬರೀಲಿ ಒಡೆದುಬಿಡ್ತೀಯ.”

“ಒಂದೇ ಒಂದು ನೋಡ್ತೀನಿ ಅಕ್ಕಾ.”

“ಊಹೂಂ. ಹೋಗಿ ಮುಖ ತೊಳ್ಕೊ.”

ಮುಖ ತೊಳೆದುಕೊಂಡು ಬಂದರೆ ಸೂಕ್ಷ್ಮದರ್ಶಕದ ದೀಪ ಕೆಟ್ಟಿತ್ತು. ಅದನ್ನು ನೋಡಿಕೊಳ್ಳುವ ಲೆನ್ಸ್ ಮಾಮ ಅರ್ಧ ದಿನ ಬಿಚ್ಚಿ, ಜೋಡಿಸಿ, ಮೂರು ತಿರುಪು ಕೈಯಲ್ಲುಳಿಸಿಕೊಂಡು, “ಇವು ಬೇಕಾಗಿಲ್ಲ ಅನ್ಸತ್ತೆ” ಎಂದರು. ದೀಪವಂತೂ ಉರಿಯಿತು. ಮೊಟ್ಟೆಯ ತಟ್ಟೆ ಹೊತ್ತು ಮಣಿಯಣ್ಣ ಹೊರಟಾಗ ಮುಂದೆ ಅಕ್ಕ, ಹಿಂದೆ ಮಾಮ. “ಎಡಕ್ಕೆ ವಾಲ್ತಿದೆ!” “ಬಲಕ್ಕೆ!” “ಉಸಿರು ಬಿಡಬೇಡ್ವೋ!” ಮೂವರೂ ಬಾಗಿಲಲ್ಲಿ ಸಿಕ್ಕಿಕೊಂಡು ಹೇಗೋ ಹೊರಬಿದ್ದರು. ಒಂದು ಮೊಟ್ಟೆಯೂ ಒಡೆಯದ್ದು ಮಣಿಯಣ್ಣನ ಜೀವನದ ಮೊದಲ ಅದೃಷ್ಟವಾಗಿತ್ತು.

ನಾಲ್ಕಕ್ಕೆ ಮೇಡಂ ಬಂದರು. ಕೆಲಸ ಮುಂದುವರಿಸಲು ಅವರ ಸಹಿಯಾಗಬೇಕಾದ ಅರ್ಜಿ ಅವರ ಕೈಯಲ್ಲೇ ಇತ್ತು.

ಸಂಕೇತದ ಮಣಿ ಇಟ್ಟ ಮೊದಲ ಮೊಟ್ಟೆ. ಮೇಡಂ ಬಗ್ಗಿ ನೋಡಿದರು. “ಎರಡು ನಡುಮಿದುಳು! ಸ್ಪಷ್ಟವಾಗಿದೆ!” ಆರಕ್ಕೆ ಆರರಲ್ಲೂ ಎರಡೆರಡು. ಮಣಿಯಣ್ಣ ಕುಣಿದ. ಮಾಮನನ್ನು ತಬ್ಬಿಕೊಂಡ. ಹೆಂಡತಿಗೆ ಫೋನು ಮಾಡಿ, “ಹೇಳು, ಎಲ್ಲರಿಗೂ ಹೇಳು!” ಎಂದು ಕೂಗಿಯೂಬಿಟ್ಟ.

“ಈಗ ಉಪ್ಪುನೀರಿನವು” ಎಂದರು ಮೇಡಂ.

ಮೊದಲನೆಯದರಲ್ಲಿ ಎರಡು ನಡುಮಿದುಳು. ಎರಡನೆಯದರಲ್ಲೂ ಎರಡು. ಐದಕ್ಕೆ ಐದರಲ್ಲೂ ಅದೇ ಕತೆ. ಮಣಿಯಣ್ಣನ ಮುಖ ಸುಣ್ಣ ಬಳಿದಂತಾಯಿತು. ಬರೀ ಉಪ್ಪುನೀರಿಗೂ ಮಿದುಳು ಬೆಳೆದರೆ ಸಂಕೇತದ ಅಣುವಿನದೇನು ಹೆಚ್ಚುಗಾರಿಕೆ?

ಅಕ್ಕ ಕೆಮ್ಮಿದರು. “ಮೂರು ನಂದು. ಅವತ್ತು ನೀನು ಅಳ್ತಿದ್ದೆಯಲ್ಲ, ಕರುಳು ಚುರುಕ್ ಅಂತು. ನೀನು ಮನೆಗೆ ಹೋದ್ಮೇಲೆ ಉಪ್ಪುನೀರಿನ ಮಣಿ ತೆಗೆದು ಒಳ್ಳೆ ಮಣಿ ಇಟ್ಟೆ.”

“ಇನ್ನೆರಡು ನಾನು” ಎಂದರು ಲೆನ್ಸ್ ಮಾಮ. “ಎಲ್ಲದರಲ್ಲೂ ಬೆಳೆದ್ರೆ ನಿನಗೆ ಸಂತೋಷ ಆಗತ್ತೆ ಅಂದ್ಕೊಂಡೆ ಕಣಯ್ಯಾ.”

“ಅವು ಬೆಳೀಬಾರದಿತ್ತು ಮಾಮಾ!” ಮಣಿಯಣ್ಣ ತಲೆ ಚಚ್ಚಿಕೊಂಡ. ತಟ್ಟನೆ ಅವನ ಕಣ್ಣು ಅರಳಿತು. ತಟ್ಟೆಯಲ್ಲಿ ಜಾಗ ಸಾಲದೆ ಉಪ್ಪುನೀರಿನ ಆರನೆಯ ಮೊಟ್ಟೆಯನ್ನು ಮೇಡಂ ಕೋಣೆಯ ಪುಟ್ಟ ಕಾವುಪೆಟ್ಟಿಗೆಯಲ್ಲಿ ಇಟ್ಟಿದ್ದನಲ್ಲ! “ಮೇಡಂ, ಅದರ ಬೀಗದ ಕೈ ನಿಮ್ಮ ಹತ್ರ ಮಾತ್ರ ಇದೆ. ಅದನ್ನ ಯಾರೂ ಮುಟ್ಟಿಲ್ಲ!”

“ಅದು ಬೇಡ ಬಿಡಿ” ಎಂದರು ಮೇಡಂ.

“ಬೇಡ ಅಂದ್ರೆ ಹೇಗೆ ಮೇಡಂ? ಅದೊಂದೇ ನನಗೆ ಗತಿ!” ಮೇಡಂ ಮೇಜಿನ ಮೇಲಿಟ್ಟಿದ್ದ ಬೀಗದ ಕೈ ಎತ್ತಿಕೊಂಡು ಓಡಿ, ಮೊಟ್ಟೆ ತಂದು, ಕಿಟಕಿ ತೆರೆದು, ಮಸೂರಕ್ಕೆ ಕಣ್ಣಿಟ್ಟ.

ಎರಡು ನಡುಮಿದುಳು. ಮಣಿ ಎಷ್ಟು ಅಚ್ಚುಕಟ್ಟಾಗಿ ಕೂತಿತ್ತೆಂದರೆ, ಅಂಥ ಪಳಗಿದ ಕೈ ಆ ಕಟ್ಟಡದಲ್ಲಿ ಒಬ್ಬರದೇ.

ಮೇಡಂ ಕೋಣೆಯ ಕಿಟಕಿಯಾಚೆ ನೋಡಿದರು. “ಅವತ್ತು ನಿಮ್ಮ ಮುಖ ನೋಡೋಕಾಗ್ಲಿಲ್ಲ ಕಣ್ರೀ.”

“ಹಾಗಾದ್ರೆ ಸಹಿ?”

“ಸಾಕ್ಷಿ ಎಲ್ಲಿದೆ? ಪ್ರಯೋಗ ಕೆಟ್ಟಿದೆಯಲ್ಲ.” ಅವರ ದನಿ ಮತ್ತೆ ಗಟ್ಟಿಯಾಯಿತು. “ಹೊಸದಾಗಿ ಮಾಡಿ.”

“ಅಣುವಿನ ಶೀಶೆ ಖಾಲಿ” ಎಂದರು ಅಕ್ಕ ಮೆಲ್ಲಗೆ. “ಹೊಸದು ಬರೋಕೆ ಮೂರು ತಿಂಗಳು.”

ಮೇಡಂ ಸಹಿಯಿಲ್ಲದ ಅರ್ಜಿಯನ್ನು ಮಡಿಸಿ ಮಣಿಯಣ್ಣನ ಜೇಬಿಗೆ ಇಳಿಸಿದರು. ಪ್ರೀತಿಯಿಂದ ಅವನ ಬೆನ್ನು ತಟ್ಟಿ, “ಹೆದರಬೇಡಿ, ಬೇರೆ ಕೆಲಸ ಹುಡುಕೋಕೆ ನಾವೆಲ್ಲ ಸೇರಿ ಸಹಾಯ ಮಾಡ್ತೀವಿ” ಎಂದರು.