ಅಜ್ಜಿಯ ಹೆಸರು ಮೇಲಕ್ಕೆ ಹೋದದ್ದು

ಕಂಪ್ಯೂಟರು ಬಂದ ಮೇಲೆ ನಮ್ಮ ನಾಗಮಂಗಲದ ಆರೋಗ್ಯ ಕಚೇರಿಯಲ್ಲಿ ನಗುವ ಪ್ರಸಂಗಗಳಿಗೆ ಬರವೇ ಇರಲಿಲ್ಲ. ಅಳಬೇಕಾದದ್ದಕ್ಕೂ ನಗಿಸಿಬಿಡುವುದು ಭಗವಂತನ ಕರುಣೆಯೋ, ನಮ್ಮ ಮೇಲಿನ ಬೇಸರವೋ, ನನಗಿನ್ನೂ ತಿಳಿದಿಲ್ಲ.

ತೊಂಬತ್ತರ ದಶಕದ ಕೊನೆ. ಟೈಪಿಸ್ಟಾಗಿದ್ದ ನನ್ನನ್ನೇ ಅದರ ಮುಂದೆ ಕೂರಿಸಿದ್ದರು. ಉಚಿತ ಕಣ್ಣಿನ ಆಪರೇಷನ್ ಬೇಕಾದವರ ವಿವರ ಟೈಪು ಮಾಡಿ, ಫೋನಿನ ತಂತಿಯಲ್ಲಿ ಜಿಲ್ಲಾ ಕಚೇರಿಯ ದೊಡ್ಡ ಕಂಪ್ಯೂಟರಿಗೆ ಸೇರಿಸಬೇಕು. ಅದಕ್ಕೆ ನಾವೆಲ್ಲ ‘ಮೇಲಕ್ಕೆ ಕಳಿಸೋದು’ ಅನ್ನುತ್ತಿದ್ದೆವು.

ಗಂಡನ ಹೆಸರು

ದೇವಲಾಪುರದಿಂದ ಒಬ್ಬ ಅಜ್ಜಿ ಬಂದರು. ಎರಡೂ ಕಣ್ಣಿಗೆ ಪೊರೆ. “ಗುಡೀಲಿ ದೀಪ ಕಾಣ್ತದೆ ಕಣವ್ವಾ, ದೇವ್ರ ಮುಖ ಕಾಣಾಕಿಲ್ಲ. ಸಾಯಾದ್ರೊಳ್ಗೆ ಒಂದ್ಸಲ ನೋಡ್ಬೇಕು” ಅಂದರು. ನನ್ನ ಕಣ್ಣೂ ಮಂಜಾಯಿತು.

“ಗಂಡನ ಹೆಸರು ಹೇಳಿ ಅಜ್ಜಿ.”

“ಅಯ್ಯೋ, ಅವ್ರೆಸ್ರ ನಾನೆಂಗವ್ವಾ ಯೋಳ್ಲಿ?”

ಆ ಜಾಗ ಖಾಲಿ ಬಿಟ್ಟರೆ ಕಂಪ್ಯೂಟರು ಮುಂದಕ್ಕೇ ಹೋಗದು. ಕೊನೆಗೆ ಅಜ್ಜಿಯೇ ದಾರಿ ತೋರಿಸಿದರು: “ಏಳು ಬೆಟ್ಟದ ಮ್ಯಾಲವ್ನಲ್ಲ, ಅವನೆಸ್ರೇಯ.”

ವೆಂಕಟಯ್ಯ? ಊಹೂಂ. ಶ್ರೀನಿವಾಸ? ಊಹೂಂ. ಗೋವಿಂದ? ಊಹೂಂ. ಒಂದೊಂದು ಹೆಸರಿಗೂ ನಾನು ಕೈ ಮುಗಿಯುತ್ತಾ ಹೋದೆ. ‘ತಿಮ್ಮಯ್ಯ’ ಅಂದಾಗ ಅಜ್ಜಿ ನಾಚಿ ಸೆರಗನ್ನು ಬಾಯಿಗಿಟ್ಟರು.

ಅವತ್ತು ಬಸ್ಸಿನ ಅವಸರಕ್ಕೆ ಮನೆಯಲ್ಲಿ ಅರ್ಚನೆ ತಪ್ಪಿತ್ತು. ಸರ್ಕಾರಿ ಸಮಯದಲ್ಲಿ ಸಾಂಗವಾಗಿ ಮುಗಿಯಿತು.

ಕಿರುಚುವ ಫೋನು

ಕಳಿಸುವಾಗ ಫೋನು ಯಾರೂ ಎತ್ತಬಾರದು. ಆದರೆ ಅದೇ ಲೈನಿನ ಇನ್ನೊಂದು ಫೋನು ಸಾಹೇಬರ ಕೋಣೆಯಲ್ಲಿ. ಅವರಿಗೆ ಶ್ರೀರಂಗಪಟ್ಟಣದ ಮಾವನ ಮನೆಯ ಜೊತೆ ಮಾತಾಡದೆ ಕಾಫಿ ಇಳಿಯದು. ಅವರು ಎತ್ತುವುದು, ಒಳಗೆ ಕಂಪ್ಯೂಟರು ಕೀಂ ಎಂದು ಕಿರುಚುವುದು, “ಯಾವನ್ಲಾ ಅವ್ನು? ಇಡ್ಲಾ ಫೋನಾ!” ಎಂದು ಸಾಹೇಬರು ಬೈಯುವುದು. ಲೈನು ಕಡಿದು ನಾನು ಮತ್ತೆ ಮೊದಲಿಂದ.

ಬಾಗಿಲಲ್ಲಿ ಕೂತಿದ್ದ ಅಜ್ಜಿ ಕೇಳಿದರು: “ಓಯ್ತೇನವ್ವಾ?”

“ಅರ್ಧ ಹೋಗಿದೆ ಅಜ್ಜಿ.”

“ಅಂಗಾರೆ ಒಂದ್ ಕಣ್ಣಾದ್ರೂ ಮಾಡ್ತಾರೆ ಬುಡು.”

ಪಾಪ ಅಂದವರು

ಸಾಹೇಬರು ರಜೆ ಹಾಕಿದ ದಿನ, ದೇವರ ಹೆಸರು ಹೇಳಿ ಕಳಿಸಿದೆ. ಪೂರ್ತಿ ಹೋಯಿತು! ನಾನು ಊಟಕ್ಕೆ ಎದ್ದಾಗ ಜಿಲ್ಲಾ ಕಚೇರಿಯಿಂದ ಫೋನು ಬಂತಂತೆ: “ದೇವಲಾಪುರದ ಅಜ್ಜಿ ಏನಾಯ್ತು?”

ನಮ್ಮ ಜವಾನ ಖುಷಿಯಿಂದ, “ಅಜ್ಜಿ ಬೆಳಗ್ಗೇನೇ ಮೇಲಕ್ಕೋಯ್ತು ಸಾ!” ಅಂದನಂತೆ.

ನಾನು ಬಂದ ಕೂಡಲೇ ವರದಿ ಕೊಟ್ಟ: “ಆ ಸಾಹೇಬ್ರು ಭಾಳ ಒಳ್ಳೇವ್ರು ಅಮ್ಮೋರೆ. ‘ಅಯ್ಯೋ ಪಾಪ, ವಯಸ್ಸಾಗಿತ್ತು’ ಅಂದ್ರು.”

ಆಗಲೇ ಫೋನು ಮಾಡಿ, ಅಜ್ಜಿ ಬದುಕಿದ್ದಾರೆ ಎಂದೆ. ಆ ಕಡೆಯವರು ಶಾಂತವಾಗಿ ಹೇಳಿದರು: “ಹಾಗಾದರೆ ಬದುಕಿದ್ದಾರೆ ಅಂತ ಬರೆದು ಮೇಲಕ್ಕೆ ಕಳಿಸಿ.”

ಪಾಂಡವಪುರದ ಶಿಬಿರ

ಅಜ್ಜಿಯನ್ನು ಕಣ್ಣಿನ ಶಿಬಿರಕ್ಕೆ ನಾನೇ ಕರೆದುಕೊಂಡು ಹೋದೆ. ಬದುಕಿದ್ದಾರೆ ಅಂತ ಬರೆದು ಕಳಿಸಿದ್ದೆ. ಆದರೂ ಅಲ್ಲಿ ಮೇಜಿನ ಹಿಂದೆ ಕೂತಿದ್ದ ಸಹಾಯಕ, ಮೇಲಿಂದ ಬಂದ ಹಾಳೆಯ ಮೇಲೆ ಬೆರಳಾಡಿಸಿ, “ಈಯಮ್ಮ ತೀರ್ಕೊಂಡವ್ರೆ” ಅಂದ.

“ಎದುರಿಗೇ ನಿಂತಿದ್ದಾರಲ್ಲ ಸ್ವಾಮಿ, ನೋಡಿ.”

ಅವನು ತಲೆ ಎತ್ತಲಿಲ್ಲ. “ಕಂಪ್ಯೂಟರ್ನಾಗೆ ಇಲ್ಲ. ಪಕ್ಕಕ್ಕೆ ನಿಂತ್ಕಳಿ.”

ನಿಂತೆವು. ಒಬ್ಬೊಬ್ಬರೇ ಒಳಗೆ ಹೋದರು. ಕೊನೆಗೆ ಡಾಕ್ಟರ ಜೀಪೂ ಹೋಯಿತು. ಎಲ್ಲರಿಗೂ ಒಳ್ಳೆಯದಾಗಲಿ ಎಂದು ದಿನಾ ಬೇಡಿಕೊಳ್ಳುವವಳು ನಾನು. ಅವತ್ತು ಆ ‘ಎಲ್ಲರಲ್ಲಿ’ ಅವನನ್ನು ಸೇರಿಸಲು ಬಹಳ ಕಷ್ಟವಾಯಿತು.

ಅಜ್ಜಿ ಮಾತ್ರ ಮೇಜನ್ನು ತಡವಿಕೊಂಡು ಹೋಗಿ, ಅವನ ಕೈ ಸವರಿ, ಅಕ್ಕರೆಯಿಂದ ಅಂದರು:

“ಇಷ್ಟೊತ್ತೂ ಎದ್ರುಗೇ ನಿಂತಿದ್ದ ನಾನೇ ಕಾಣ್ನಿಲ್ವಲ್ಲ ಮಗಾ ನಿಂಗೆ. ಮೊದ್ಲು ನೀನು ಆಪ್ರೇಸನ್ ಮಾಡಿಸ್ಕೊ. ನಂದು ಆಮ್ಯಾಕೆ ನೋಡಾನ.”