ಕಣ್ಣು ಮುಚ್ಚಿದವರ ಮೇಲೊಂದು ಕಣ್ಣು

"ಕಣ್ಣು ಮುಚ್ಚಿ ಪ್ರಾರ್ಥನೆ ಮಾಡ್ರಿ" ಎಂದು ಮೂವತ್ತು ಮಕ್ಕಳಿಗೆ ಹೇಳಿದರೆ, ಅರವತ್ತು ಕಣ್ಣುಗಳಲ್ಲಿ ನಲವತ್ತಾದರೂ ತೆರೆದೇ ಇರುತ್ತವೆ. ಅದು ನನಗೆ ಹೇಗೆ ಗೊತ್ತೆಂದರೆ, ನನ್ನವೂ ತೆರೆದಿರುತ್ತವೆ.

ಚಿಕ್ಕೋಡಿಯ ಹೊರಗೆ ಸಿಸ್ಟರುಗಳು ನಡೆಸುವ ಒಂದು ಪ್ರಾಥಮಿಕ ಶಾಲೆಯಲ್ಲಿ ನಾನು ಮೂರನೇ ತರಗತಿಯ ಟೀಚರ್. ಹುಟ್ಟಿದ್ದು ಕಾಗವಾಡ ಕಡೆಯ ಜೈನ ಒಕ್ಕಲುತನದ ಮನೆಯಲ್ಲಿ. ಸೇರಿದ ವರ್ಷವೇ ಹೆಡ್‌ಮಿಸ್ಟ್ರೆಸ್ ಸಿಸ್ಟರ್ ಮೌಲ್ಯಶಿಕ್ಷಣದ ಪಿರಿಯಡ್ಡನ್ನೂ ಮಕ್ಕಳ ಪ್ರಾರ್ಥನೆಯನ್ನೂ ನನಗೇ ವಹಿಸಿದರು. ಅಂದಿನಿಂದ ನಮ್ಮ ಅವ್ವನಿಗೆ ನನ್ನ ಮೇಲೆ ಸಂಶಯ, ಪಾಲಕರಿಗೆ ಶಾಲೆಯ ಮೇಲೆ ಸಂಶಯ, ಸಿಸ್ಟರಿಗೆ ಎಲ್ಲರ ಮೇಲೂ ಸಂಶಯ. ಮಕ್ಕಳಿಗೆ ನೇರವಾಗಿ ದೇವರ ಮೇಲೆಯೇ. ಇಷ್ಟು ಸಂಶಯದ ನಡುವೆ ಮಕ್ಕಳಲ್ಲಿ ಭಕ್ತಿ ಬೆಳೆಸಲು ಹೊರಟವಳಿಗೆ ವಾರಕ್ಕೊಂದು ಫಜೀತಿ ಖಾಯಂ.

ಹೋಳಿಗಿ ಎಲ್ಲಿ ಹೋತು?

ಮಧ್ಯಾಹ್ನ ಡಬ್ಬಿ ಬಿಚ್ಚಿ, ಕೈಮುಗಿದು, ಅರ್ಧ ನಿಮಿಷ ಕಣ್ಣು ಮುಚ್ಚಿ ಅನ್ನ ಕೊಟ್ಟ ದೇವರನ್ನು ನೆನೆಯುವುದು ನಮ್ಮ ಪದ್ಧತಿ. ಒಂದು ದಿನ ಕಣ್ಣು ತೆರೆದಾಗ ಒಬ್ಬಳ ಡಬ್ಬಿಯಲ್ಲಿದ್ದ ಶೇಂಗಾ ಹೋಳಿಗೆ ಮಾಯವಾಗಿತ್ತು. ಮರುದಿನ ಇನ್ನೊಬ್ಬನ ಡಬ್ಬಿಯಿಂದ ಹೋಯಿತು. ಮೂರನೇ ದಿನದಿಂದ ಮಕ್ಕಳು ಡಬ್ಬಿಯ ಮೇಲೆ ಎರಡೂ ಮೊಣಕೈ ಊರಿ ಪ್ರಾರ್ಥನೆ ಮಾಡತೊಡಗಿದರು.

ಒಬ್ಬ ಹುಡುಗಿ ಎದ್ದುನಿಂತು, "ಟೀಚರ್, ಇಂವಾ ಪ್ರಾರ್ಥನಾದಾಗ ಎರಡೂ ಕಣ್ಣ ತೆರದಿದ್ದ" ಎಂದು ಪಕ್ಕದವನನ್ನು ತೋರಿಸಿದಳು.

"ನಿನಗ ಹೆಂಗ ಗೊತ್ತಾತು?"

"ನಾ ಒಂದ ತೆರದಿದ್ದೆರಿ."

ಕಳ್ಳನನ್ನು ನಾನೇ ಹಿಡಿಯುತ್ತೇನೆಂದು ಮರುದಿನ ಕೈಮುಗಿದು, ರೆಪ್ಪೆಯನ್ನು ಚೂರೇ ಎತ್ತಿ ಸಾಲುಸಾಲಾಗಿ ನೋಡುತ್ತ ಬಂದೆ. ಕೊನೆಗೆ ದೃಷ್ಟಿ ಬಾಗಿಲಿಗೆ ಹೋಯಿತು. ಅಲ್ಲಿ ಹೆಡ್‌ಮಿಸ್ಟ್ರೆಸ್ ಸಿಸ್ಟರ್ ಕೈಮುಗಿದು ನಿಂತು ನನ್ನನ್ನೇ ದಿಟ್ಟಿಸುತ್ತಿದ್ದರು. ಇಬ್ಬರಿಗೂ ನಾಚಿಕೆಯಾಗಿ ಗಪ್ಪನೆ ಕಣ್ಣು ಮುಚ್ಚಿಕೊಂಡೆವು.

ಆಮೇಲೆ ಆಫೀಸಿಗೆ ಕರೆಸಿದರು. ಸಿಸ್ಟರ್ ಮಂಗಳೂರಿನ ಕಡೆಯವರು, ಮಾತೆಲ್ಲ ಪುಸ್ತಕದ ಕನ್ನಡ. "ಟೀಚರ್, ತಾವು ಪ್ರಾರ್ಥನೆಯ ವೇಳೆ ಕಣ್ಣು ತೆರೆದಿದ್ದಿರಿ."

"ನಿಮಗ ಹೆಂಗ ಗೊತ್ತಾತ್ರಿ ಸಿಸ್ಟರ್?" ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡು, "ಕಳ್ಳನ್ನ ಹುಡಕಾಕತ್ತಿದ್ನಿರಿ" ಎಂದೆ.

"ನಾನೂ ಅದನ್ನೇ ಮಾಡುತ್ತಿದ್ದೆ. ಸಿಕ್ಕಿದನೇ?"

ಸಿಕ್ಕಿರಲಿಲ್ಲ. ನಾವಿಬ್ಬರೂ ನಾಚಿ ಕಣ್ಣು ಮುಚ್ಚಿದ ಆ ಹತ್ತು ಸೆಕೆಂಡಿನಲ್ಲೇ ಇನ್ನೊಂದು ಹೋಳಿಗೆ ಹೋಗಿತ್ತು.

ದೇವರಿಗೆ ಯಾವ ಭಾಷೆ?

ನಿಪ್ಪಾಣಿ ಕಡೆಯಿಂದ ಬರುವ ಒಬ್ಬ ಹುಡುಗಿಯ ಮನೆಯಲ್ಲಿ ಮರಾಠಿ. ಓಣಿಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್ ಪ್ರಾರ್ಥನೆ. ಒಂದು ದಿನ ನನ್ನ ಟೇಬಲ್ಲಿನ ಹತ್ತಿರ ಬಂದು, ಸುತ್ತಮುತ್ತ ನೋಡಿ, ಸಣ್ಣ ದನಿಯಲ್ಲಿ ಕೇಳಿದಳು: "ಟೀಚರ್, ದೇವರಿಗಿ ಇಂಗ್ಲಿಷ್ ಖರೇನ ಬರ್ತೈತ್ರಿ?"

"ಎಲ್ಲಾ ಭಾಷಾ ಬರ್ತಾವ. ಯಾಕ?"

"ಗಣಿತದ ಪರೀಕ್ಷಾ ಮುಂದ ಹೋಗ್ಲಿ ಅಂತ ಇಂಗ್ಲಿಷಿನಾಗ ಕೇಳ್ದೆರಿ. ಹೋಗ್ಲಿಲ್ಲ. ನಿನ್ನಿ ಮರಾಠಿದಾಗ ಕೇಳ್ದೆ. ಇವತ್ತ ಗಣಿತದ ಸರ್ ಬಂದಿಲ್ಲ."

ಗಣಿತದ ಸರ್ ನಿಜವಾಗಿಯೂ ಬಂದಿರಲಿಲ್ಲ. ಜ್ವರ ಬಂದು ಮಲಗಿದ್ದರು. ಬೇರೆಯವರಿಗೆ ಕೆಟ್ಟದ್ದನ್ನು ಬೇಡಬಾರದು, ಸರ್ ಆರಾಮ ಆಗಲಿ ಅಂತ ಬೇಡಿಕೊಳ್ಳಬೇಕು ಎಂದು ಅವಳಿಗೆ ಹತ್ತು ನಿಮಿಷ ತಿಳಿಸಿ ಹೇಳಿದೆ. ಅವಳ ಮುಖ ಸಣ್ಣದಾಯಿತು. ತಪ್ಪಾಯಿತೆಂದು ಒಪ್ಪಿಕೊಂಡು, ಈಗಲೇ ಬೇಡಿಕೊಳ್ಳುತ್ತೇನೆಂದು ಕೈಮುಗಿದು ಕಣ್ಣು ಮುಚ್ಚಿದಳು.

ಬೇಡಿಕೊಂಡದ್ದು ಇಂಗ್ಲಿಷಿನಲ್ಲಿ.

ಒಳ್ಳೆಯ ಕೆಲಸದ ಡಬ್ಬಿ

ಮಕ್ಕಳು ಸದ್ದಿಲ್ಲದೆ ಒಳ್ಳೆಯದನ್ನು ಮಾಡಲು ಕಲಿಯಲಿ ಎಂದು ಸಿಸ್ಟರ್ ವರಾಂಡದಲ್ಲಿ ಒಂದು ಡಬ್ಬಿ ಇಡಿಸಿದರು. ದಿನಕ್ಕೊಂದು ಒಳ್ಳೆಯ ಕೆಲಸ ಮಾಡಬೇಕು, ಹೆಸರು ಹಾಕದೆ ಚೀಟಿ ಬರೆದು ಒಳಗೆ ಹಾಕಬೇಕು. ಸಂಜೆ ಚೀಟಿ ಓದುವ ಕೆಲಸ ನನ್ನದು.

ಮೊದಲ ದಿನದ ಚೀಟಿಯೊಂದು ಹೀಗಿತ್ತು: "ಇವತ್ತು ನಾನು ಯಾರ ಚಾಡಿಯನ್ನೂ ಹೇಳಲಿಲ್ಲ. ಆದರೆ ಎರಡನೇ ಬೆಂಚಿನವನು ಪೆನ್ಸಿಲ್ ಕದ್ದಿದ್ದಾನೆ."

ಇನ್ನೊಂದು: "ನಾನು ನನ್ನ ಗೆಳತಿಯನ್ನು ಕ್ಷಮಿಸಿದ್ದೇನೆ. ಅವಳಿಗೆ ಗೊತ್ತಿಲ್ಲ. ನೀವು ಎಲ್ಲರ ಮುಂದೆ ಹೇಳಿರಿ."

ಸಿಸ್ಟರಿಗೆ ಚೀಟಿಗಳ ಮೇಲೂ ಸಂಶಯ ಬಂತು. "ಇವುಗಳಲ್ಲಿ ಎಷ್ಟು ಸತ್ಯ ಟೀಚರ್? ಅಕ್ಷರ ನೋಡಿ ಪತ್ತೆ ಹಚ್ಚಿ" ಎಂದರು. ನೋಡುತ್ತ ಹೋದಾಗ ಒಂದು ಚೀಟಿ ಕೈಗೆ ಸಿಕ್ಕಿತು. ಅಕ್ಷರ ದುಂಡಗೆ, ಸಾಲು ನೆಟ್ಟಗೆ, ಕಾಗುಣಿತದಲ್ಲಿ ತಪ್ಪಿಲ್ಲ. ಮೂರನೇ ತರಗತಿಯ ಮಕ್ಕಳ ಅಕ್ಷರ ಅಲ್ಲವೇ ಅಲ್ಲ. "ಇವತ್ತು ನಾನು ಯಾರಿಗೂ ಹೊಡೆಯಲಿಲ್ಲ" ಎಂದು ಬರೆದಿತ್ತು.

ಶಿಕ್ಷಕರ ಹಾಜರಿ ಪುಸ್ತಕ ತೆಗೆದು ಅಕ್ಷರ ಹೋಲಿಸಿದೆವು. ನಮ್ಮ ಪಿ.ಟಿ. ಮಾಸ್ತರರದು. ಸಿಸ್ಟರ್ ಕಣ್ಣಲ್ಲಿ ನೀರು ಬಂತು. "ನೋಡಿದಿರಾ, ಡಬ್ಬಿ ದೊಡ್ಡವರನ್ನೂ ಬದಲಿಸಿದೆ" ಎಂದರು.

ಮರುದಿನ ಸಂಜೆ ಇಬ್ಬರೂ ಕೂಡಿಯೇ ಡಬ್ಬಿ ತೆರೆದೆವು. ಮಾಸ್ತರರ ಚೀಟಿ ಇರಲಿಲ್ಲ.

ಬೇವಿನ ಗಿಡದ ಕೆಳಗಿನ ಅಜ್ಜ

ನಮ್ಮ ಶಾಲೆಯ ಮೇಲೆ ಎಲ್ಲರಿಗಿಂತ ಹೆಚ್ಚು ಸಂಶಯವಿದ್ದದ್ದು ಒಬ್ಬ ಅಜ್ಜನಿಗೆ. ಕೆನಾಲಿನ ಆಚೆ ತೋಟದ ವಸತಿಯಲ್ಲಿ ಮನೆ, ಮೊಮ್ಮಗ ನನ್ನ ಕ್ಲಾಸಿನಲ್ಲಿ. ಆ ವಸತಿಯಿಂದ ಏಳು ಮಕ್ಕಳು ನಮ್ಮ ಮೂರನೇ ತರಗತಿಗೆ ಬರುತ್ತಿದ್ದರು. ಏಳೂ ಮನೆಗಳಲ್ಲಿ ಅಜ್ಜನ ಮಾತೇ ಮಾತು. ಅವನು ಮೊಮ್ಮಗನನ್ನು ಬಿಡಿಸಿದರೆ ಉಳಿದ ಆರೂ ಹೋಗುತ್ತವೆ. ಏಳು ಹೋದರೆ ಮೂರನೇ ತರಗತಿಯ ಎರಡು ವಿಭಾಗ ಒಂದಾಗುತ್ತವೆ. ಒಂದಾದರೆ ಹೊಸದಾಗಿ ಸೇರಿದ ಟೀಚರ್ ಮನೆಗೆ. ಆ ಟೀಚರ್ ನಾನು.

ಅಜ್ಜ ವಾರಕ್ಕೆ ಎರಡು ಸಲ ಮೊಪೆಡ್ಡಿನ ಮೇಲೆ ಬಂದು, ಅಂಗಳದ ಬೇವಿನ ಗಿಡದ ಕೆಳಗೆ ಕೂತು, ಕಿಟಕಿಯತ್ತ ಕಿವಿ ಕೊಡುತ್ತಿದ್ದ. ಒಂದು ದಿನ ಸೀದಾ ನನ್ನ ಎದುರಿಗೇ ಬಂದು ನಿಂತ.

"ಟೀಚರಬಾಯಿ, ಇಂಗ್ಲಿಷ್ ಕಲೀಲಿ ಅಂತ ಹುಡುಗನ್ನ ಕಳಿಸೇವಿ. ದೇವರನ್ನ ಬದಲ ಮಾಡ್ರಿ ಅಂತ ಕಳಿಸಿಲ್ಲ."

"ಇಲ್ಲಿ ಯಾರೂ ಯಾರನ್ನೂ ಬದಲ ಮಾಡಾಂಗಿಲ್ರಿ ಅಜ್ಜಾರ. ನನ್ನ ನೋಡ್ರಿ, ನಾ ಜೈನರಾಕಿ."

ಅಜ್ಜ ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದ. "ಮೊದಲ ಏನಿದ್ರಿ?"

"ಮೊದಲೂ ಜೈನರ್ರಿ! ಈಗೂ ಜೈನರ್ರಿ!"

"ಹಂಗಾರ ಇವಗ ಏನ ಕಲಿಸೀರಿ? ದಿನಾ ಊಟಕ್ಕ ಕುಂತಾಗ ಕಣ್ಣ ಮುಚ್ಚಿ ಬಾಯಾಗ ಏನೋ ಗೊಣಗತಾನ. ಕೇಳಿದ್ರ ಹೇಳಾಂಗಿಲ್ಲ."

ಮೊಮ್ಮಗನನ್ನು ಕರೆದು, "ಅಜ್ಜಾರ ಮುಂದ ಹೇಳಪಾ, ಊಟಕ್ಕ ಮೊದಲ ಏನಂತಿ?" ಎಂದೆ. ಹುಡುಗ ಕಾಲ್ಬೆರಳಿನಿಂದ ಮಣ್ಣು ಕೆದರುತ್ತ ನಿಂತ. ಅಜ್ಜ ಗದರಿಸಿದ ಮೇಲೆ ಬಾಯಿ ಬಿಟ್ಟ.

"'ದೇವರ, ಇವತ್ತರ ಬದನಿಕಾಯಿ ಪಲ್ಯಾ ಇರಬಾರ್ದು' ಅಂತೇನ್ರಿ."

ಅಜ್ಜ ಹುಡುಗನನ್ನು ಒಳಗೆ ಕಳಿಸಿ, ನನ್ನ ಸಮೀಪ ಬಂದು ದನಿ ತಗ್ಗಿಸಿದ. "ಲಗ್ನ ಆದಾಗಿಂದ ನಾನೂ ಇದನ್ನ ಬೇಡಕೋತ ಬಂದೇನ್ರಿ. ನಮ್ಮ ದೇವರ ಕಿವ್ಯಾಗ ಹಾಕ್ಕೊಂಡಿಲ್ಲ. ನಿಮ್ಮಾಂವ ಕೇಳಿದ್ರ ನನಗೂ ಒಂದ ಮಾತ ತಿಳಸ್ರಿ."

ಹಾಗೆಂದು ಸಂಶಯ ಬಿಟ್ಟು ಹೋಗಲಿಲ್ಲ. ಮೊಪೆಡ್ ಚಾಲೂ ಮಾಡುತ್ತ, "ಕ್ರಿಸ್ಮಸ್ಸಿಗೆ ನಾಟಕಾ ಮಾಡಸ್ತೀರಂತ. ಮುಂದಿನ ಸಾಲಿಗೇ ಬಂದು ಕೂಡ್ತೇನಿ. ಏನರ ಹೆಚ್ಚುಕಮ್ಮಿ ಕಂಡ್ರ ಅವತ್ತ ಟಿ.ಸಿ. ಕೊಡಬೇಕು" ಎಂದು ಹೇಳಿಯೇ ಹೋದ.

ಲಾಡ್ಜಿನ ಬಾಗಿಲು

ನಾಟಕ ಬರೆದವರು ಸಿಸ್ಟರ್. ಬಸುರಿ ಮರಿಯಳನ್ನು ಕರೆದುಕೊಂಡು ಯೋಸೇಫ ಬೆತ್ಲೆಹೇಮಿಗೆ ಬರುತ್ತಾನೆ, ಛತ್ರದಲ್ಲಿ ಜಾಗ ಸಿಗುವುದಿಲ್ಲ, ಕೊನೆಗೆ ದನದ ಕೊಟ್ಟಿಗೆಯಲ್ಲಿ ಯೇಸು ಹುಟ್ಟುತ್ತಾನೆ. ಇಷ್ಟೇ ಕಥೆ. ಅಜ್ಜನ ಮೊಮ್ಮಗನಿಗೆ ಕುರಿಯ ಪಾತ್ರ ಕೊಟ್ಟು ಬಚಾವಾಗಬೇಕೆಂದು ನಾನಿದ್ದೆ. ಆದರೆ ಅವನಿಗೆ ಬಾಯಿಪಾಠ ಚೆನ್ನಾಗಿ ಬರುತ್ತದೆಂದು ಸಿಸ್ಟರ್ ಅವನನ್ನೇ ಯೋಸೇಫನನ್ನಾಗಿ ಮಾಡಿದರು. ಛತ್ರದ ಮಾಲೀಕನ ಪಾತ್ರ ಇನ್ನೊಬ್ಬ ಹುಡುಗನಿಗೆ ಸಿಕ್ಕಿತು. ಅವನಪ್ಪ ನಿಪ್ಪಾಣಿಯ ಹತ್ತಿರ ಹೈವೇದ ಮೇಲೆ ಲಾಡ್ಜ್ ನಡೆಸುತ್ತಾರೆ, ರಜೆಯಲ್ಲಿ ಹುಡುಗ ಕೌಂಟರಿನ ಪಕ್ಕದಲ್ಲೇ ಆಡುತ್ತಿರುತ್ತಾನೆ. ನಾಟಕದಲ್ಲಿ ಅವನಿಗಿದ್ದದ್ದು ಒಂದೇ ಮಾತು: "ಸ್ಥಳವಿಲ್ಲ, ಮುಂದೆ ಹೋಗಿ."

ಅವತ್ತು ಅಜ್ಜ ಹೇಳಿದಂತೆಯೇ ಮೊದಲ ಸಾಲಿನಲ್ಲಿ ಕೂತಿದ್ದ. ಪಕ್ಕದಲ್ಲಿ ಲಾಡ್ಜಿನ ಮಾಲೀಕರು. ನಾನೂ ಸಿಸ್ಟರೂ ಪರದೆಯ ಮರೆಯಲ್ಲಿ ನಿಂತಿದ್ದೆವು.

ಯೋಸೇಫ ಬಾಗಿಲು ಬಡಿದ. "ಅಯ್ಯಾ, ಇವತ್ತೊಂದು ದಿನ ತಂಗಲು ನಮಗೆ ಸ್ಥಳ ದೊರೆಯುವುದೇ?"

ಎದುರಿಗೆ ಅಪ್ಪನ ಮುಖ ಕಂಡದ್ದೇ ಛತ್ರದ ಹುಡುಗನಿಗೆ ಹುರುಪು ಬಂತು. ಕಲಿಸಿದ ಮಾತು ಮರೆತು, ಅಲ್ಲಿದ್ದ ರಜಿಸ್ಟರ್ ತೆರೆದ. "ಇಬ್ರದೂ ಆಧಾರ ಕಾರ್ಡ ತೋರಸ್ರಿ."

ಯೋಸೇಫ ಗಾಬರಿಯಾಗಿ ನನ್ನ ಕಡೆ ನೋಡಿದ. ಮುಂದೆ ಸಾಗಿಸು ಎಂದು ಕೈಸನ್ನೆ ಮಾಡಿದೆ. ಅವನೂ ಜಾಣ. "ಊರಾಗ ಬಿಟ್ಟ ಬಂದೇವ್ರಿ."

"ಯಾವ ಊರ?"

"ನಜರೇತ್."

"ಮಹಾರಾಷ್ಟ್ರದಾಗ ಬರ್ತೈತೋ, ಕರ್ನಾಟಕದಾಗೋ?"

"ಗಲಿಲಾಯದಾಗ್ರಿ."

ಛತ್ರದವನು ಮರಿಯಳನ್ನೊಮ್ಮೆ, ಯೋಸೇಫನನ್ನೊಮ್ಮೆ ಸಂಶಯದಿಂದ ನೋಡಿದ. "ಲಗ್ನ ಆಗೈತಿ?"

ಈ ಪ್ರಶ್ನೆಗೆ ಮಾತ್ರ ಯೋಸೇಫನಿಗೆ ಉತ್ತರ ಬಾಯಿಪಾಠವಿತ್ತು, ಕ್ಲಾಸಿನಲ್ಲಿ ನಾನೇ ಕಲಿಸಿದ್ದೆ. ಎದೆ ಉಬ್ಬಿಸಿ ಹೇಳಿದ: "ನಿಶ್ಚಯ ಆಗೈತ್ರಿ."

ರಜಿಸ್ಟರ್ ಧಪ್ಪನೆ ಮುಚ್ಚಿತು. "ಹಂಗಾರ ರೂಮ ಸಿಗಾಂಗಿಲ್ಲ. ಪೊಲೀಸರ ಬಂದ್ರ ನಮಗ ತ್ರಾಸ."

ಸಭೆ ಹೋ ಎಂದಿತು. ಲಾಡ್ಜಿನ ಮಾಲೀಕರು ಕರವಸ್ತ್ರದಲ್ಲಿ ಮುಖ ಮುಚ್ಚಿಕೊಂಡರು. ಸಿಸ್ಟರ್ ನನ್ನ ತೋಳನ್ನು ಎಷ್ಟು ಗಟ್ಟಿಯಾಗಿ ಹಿಡಿದಿದ್ದರೆಂದರೆ ಬಳೆ ಒಡೆಯಿತು. ವೇದಿಕೆಯ ಮೇಲೆ ಮರಿಯಳು ಏನು ಮಾಡಬೇಕೆಂದು ತಿಳಿಯದೆ, ಸೊಂಟದ ಮೇಲೆ ಕೈಯಿಟ್ಟು, "ನನಗ ನಿಂದ್ರಾಕ ಆಗವಲ್ದು" ಎಂದು ಅಲ್ಲೇ ಕುಸಿದು ಕೂತಳು.

ಅಷ್ಟರಲ್ಲಿ ಮೊದಲ ಸಾಲಿನಿಂದ ಅಜ್ಜ ಎದ್ದುನಿಂತ. ಆಯಿತು, ಏಳು ಟಿ.ಸಿ. ಹೋದವು ಎಂದುಕೊಂಡೆ.

"ಏ ಲಾಡ್ಜಿನಾಂವ! ದಿನ ತುಂಬಿದ ಹೆಣ್ಣಮಗಳು ಬಾಗಲಾಗ ಕುಂತಾಳ, ನೀ ಕಾರ್ಡ ಕೇಳ್ತಿಯೇನಲೇ? ಮನಷ್ಯಾ ಅದಿಯೋ ಏನೋ?" ಎಂದು ಗುಡುಗಿದ. ಆಮೇಲೆ ಮರಿಯಳ ಕಡೆ ತಿರುಗಿದಾಗ ದನಿ ಪೂರ್ತಿ ಇಳಿದಿತ್ತು. "ಏಳವ್ವಾ, ನಮ್ಮ ವಸತಿಗಿ ಬಾ. ಮನ್ಯಾಗ ಮಂದಿ ಭಾಳ ಐತಿ. ಆದ್ರ ದನದ ಕೊಟ್ಟಿಗಿ ಬೆಚ್ಚಗ ಐತಿ, ಜ್ವಾಳದ ಕಣಿಕಿ ಹಾಸಿಕೊಡ್ತೇನಿ. ಬಾಣಂತನಾ ನಮ್ಮಾಕಿ ಮಾಡ್ತಾಳ."

ಸಿಸ್ಟರ್ ನನ್ನ ಕಿವಿಯ ಹತ್ತಿರ, "ಟೀಚರ್, ಇವರಿಗೆ ಕಥೆಯನ್ನು ಮೊದಲೇ ಹೇಳಿದ್ದಿರಾ?" ಎಂದು ಕೇಳಿದರು.

"ಇಲ್ಲ ಸಿಸ್ಟರ್. ಅವರಿಗೆ ಗೊತ್ತಿಲ್ಲ."

ಯೋಸೇಫನಿಗೆ ಮಾತ್ರ ನಾಚಿಕೆ ತಡೆಯಲಾಗಲಿಲ್ಲ. "ಅಜ್ಜಾ, ಸುಮ್ಮ ಕೂಡೋ! ಕೊಟ್ಟಿಗಿ ಮುಂದಿನ ಸೀನಿನಾಗ ಐತಿ!" ಎಂದು ಕೂಗಿದ.

ನಾಟಕ ಹೇಗೋ ಮುಗಿಯಿತು. ಅಜ್ಜ ಹುಬ್ಬು ಗಂಟಿಕ್ಕಿಕೊಂಡು ನಮ್ಮಿಬ್ಬರ ಕಡೆಗೇ ಬಂದ. ಸಿಸ್ಟರ್ ಕತ್ತಿನ ಶಿಲುಬೆಯನ್ನು ಹಿಡಿದುಕೊಂಡು ನಿಂತರು.

"ಟೀಚರಬಾಯಿ, ಖರೇ ಹೇಳ್ರಿ. ಆ ಕೊಟ್ಟಿಗಿ ಯಾರದು?"

"ಗ್ರಂಥದಾಗ ಅವನ ಹೆಸರ ಬರದಿಲ್ರಿ ಅಜ್ಜಾರ."

"ಬರದಿಲ್ಲಾ?" ಅಜ್ಜನಿಗೆ ಸಿಟ್ಟೇ ಬಂತು. "ಜಾಗಾ ಕೊಡಲಾರದಾಂವಗ ನಾಟಕದಾಗ ಪಾತ್ರಾ, ಜಾಗಾ ಕೊಟ್ಟಾಂವನ ಹೆಸರ ಸೈತ ಇಲ್ಲ! ಯಾವ ಧರ್ಮದಾಗ ನೋಡಿದ್ರೂ ರೈತನ ಹೆಸರನ್ನ ಬಿಡ್ತಾರ ನೋಡ್ರಿ."

ಸಿಸ್ಟರ್ ಮೆಲ್ಲಗೆ, "ಹಾಗಾದರೆ ಅಜ್ಜನವರೇ, ಮೊಮ್ಮಗನ ಟಿ.ಸಿ...?" ಎಂದರು.

"ಟಿ.ಸಿ. ಎಲ್ಲಿದ ಹಚ್ಚೀರಿ? ಮೊದಲ ಆ ಕೊಟ್ಟಿಗಿ ಮಾಲಕನ ಹೆಸರ ಪತ್ತೆ ಹಚ್ಚರಿ. ಅದು ಸಿಗೂತನಾ ಹುಡುಗ ಇಲ್ಲೇ ಕಲೀತಾನ!"