ಸತ್ತು ನಿಂತ ಮರಗಳ ಸಹವಾಸ

ಬದುಕಿರುವ ಮರವನ್ನು ಅಳೆಯುವವರನ್ನು ಜನ ಗೌರವಿಸುತ್ತಾರೆ. ಸತ್ತ ಮರವನ್ನು ಅಳೆಯುವವರನ್ನು ತಡೆದು ವಿಚಾರಿಸುತ್ತಾರೆ. ಪುಣೆಯಲ್ಲಿ ನನ್ನ ವೃತ್ತಿಯುದ್ದಕ್ಕೂ ಇದು ತಪ್ಪಲಿಲ್ಲ. ಒಣಗಿಯೂ ಬೀಳದೆ ನಿಂತ ಮರಗಳಲ್ಲಿ ಎಷ್ಟು ಕಾರ್ಬನ್ ಉಳಿದಿದೆ, ವರ್ಷದಿಂದ ವರ್ಷಕ್ಕೆ ಎಷ್ಟು ಕರಗುತ್ತದೆ ಎಂದು ಅಂದಾಜು ಮಾಡುವುದು ನನ್ನ ಕೆಲಸ. ತೊಂಬತ್ತರ ದಶಕದಲ್ಲಿ ಊರಂಚಿನ ಕಾತ್ರಜದ ಗುಡ್ಡದ ಮೇಲೆ ಅಂಥ ಹನ್ನೆರಡು ಮರಗಳನ್ನು ಆರಿಸಿಕೊಂಡೆ. ಐದು ವರ್ಷ ಅವನ್ನು ಯಾರೂ ಕಡಿಯಕೂಡದು. ಕಡಿದರೆ ಶ್ರಮವೆಲ್ಲ ವ್ಯರ್ಥ. ಕಡಿಯಲು ಬಿಡಬಾರದೆಂದು ನಾನು ನಿಶ್ಚಯಿಸಿದ್ದೆ.

೧

ಮೊದಲ ದಿನ ಎದೆಮಟ್ಟದಲ್ಲಿ ಟೇಪು ಸುತ್ತುತ್ತಿದ್ದೆ. ಕೂಲಿಗೆಂದು ಯಾದಗಿರಿ ಕಡೆಯಿಂದ ಪುಣೆಗೆ ಬಂದಿದ್ದ ಹೆಂಗಸೊಬ್ಬಳು ಸೌದೆ ಆರಿಸುತ್ತ ಬಂದವಳು ನಿಂತು ನೋಡಿದಳು.

"ಏನ್ರಿ ಬಾಯಾರ, ಇದಕ್ಕ ಕುಬಸ ಹೊಲಸ್ತೀರೇನು?"

ನಾನು ನಗಲಿಲ್ಲ. ಮರದೊಳಗಿನ ಕಾರ್ಬನ್ನಿನ ವಿಷಯವನ್ನು ಅರ್ಧ ಗಂಟೆ ವಿವರಿಸಿದೆ. ಆಕೆ ಶ್ರದ್ಧೆಯಿಂದ ಕೇಳಿ ತಲೆಯಾಡಿಸಿದಳು.

"ಇದ್ದಲಿ ಅನ್ರಲಾ! ಇಷ್ಟಕ್ಕ ಯಾಕ ಒದ್ದಾಡ್ತೀರಿ? ಸುಟ್ಟು ಕೊಡ್ಲೇನು?"

೨

ಮೂರನೆಯ ವರ್ಷ ನಮ್ಮ ಮೇಲಧಿಕಾರಿಗಳು ವರದಿಯನ್ನು ತಿರುವಿ ಹಾಕಿ ಮರಾಠಿಯಲ್ಲಿ ಆಕ್ಷೇಪಿಸಿದರು:

"ಮೇಡಂ, ಹೋದ ವರ್ಷ ಈ ಮರಗಳು ಸತ್ತಿದ್ದವು. ಈ ವರ್ಷವೂ ಸತ್ತೇ ಇವೆ. ಪ್ರಗತಿ ಎಲ್ಲಿ?"

"ಇದೆ, ಸರ್. ಇನ್ನಷ್ಟು ಸತ್ತಿವೆ."

ಅವರು ಸಮಾಧಾನದಿಂದ ಸಹಿ ಮಾಡಿದರು.

೩

ಐದನೆಯ ವರ್ಷ, ಕೊನೆಯ ಅಳತೆಗೆ ಒಂದೇ ವಾರ ಉಳಿದಿತ್ತು. ಗುಡ್ಡದ ಬುಡದಲ್ಲಿ ಕಟ್ಟಡ ಏಳುತ್ತಿತ್ತು. ಅಲ್ಲಿನ ಮೇಸ್ತ್ರಿ ಕಲಬುರ್ಗಿ ಕಡೆಯವನು. ಅವನ ಆಳುಗಳು ಸೌದೆಗೆಂದು ಮರ ಕಡಿದಾರೆಂದು ಅವನಿಗೆ ಕಟ್ಟುನಿಟ್ಟಾಗಿ ಹೇಳಿದೆ: "ಸೋಮವಾರದವರೆಗೆ ಹನ್ನೆರಡೂ ನಿಂತಿರಬೇಕು."

"ನನ್ನ ಮ್ಯಾಲ ಬಿಡ್ರಿ, ಬಾಯಾರ."

ನಡುವೆ ಬಿರುಗಾಳಿ ಬೀಸಿತು. ಸೋಮವಾರ ಹೋಗಿ ನೋಡಿದರೆ ಹನ್ನೆರಡೂ ನಿಂತಿದ್ದವು. ಆದರೆ ಗೆದ್ದಲು ತಿಂದು ಪೊಳ್ಳಾಗಿದ್ದ ಏಳನೆಯ ಮರಕ್ಕೆ ನಾಲ್ಕು ಕಡೆ ಬಿದಿರಿನ ಊರೆ, ಬುಡಕ್ಕೆ ಹಸಿ ಕಾಂಕ್ರೀಟು!

"ಇದೇನು, ಮೇಸ್ತ್ರಿ?"

"ಗಾಳಿಗಿ ಬಿದ್ದಿತ್ರಿ. ನಿಂತಿರಬೇಕು ಅಂದಿದ್ರಲ್ಲ, ಹತ್ತು ಮಂದಿ ಕೂಡಿ ನಿಲ್ಲಿಸೀವಿ."

ತಾನಾಗಿ ಬಿದ್ದರೆ ದೋಷವಿಲ್ಲ, ಕಡಿಯಬಾರದೆಂದಷ್ಟೇ ನನ್ನ ಷರತ್ತು ಎಂದು ತಿಳಿಸಿ ಹೇಳಿದೆ. ನಂತರ, ನನ್ನೆದುರು ಸೆಟೆದು ನಿಂತಿದ್ದ ಮರವನ್ನು ನೋಡುತ್ತಲೇ ಪುಸ್ತಕ ತೆರೆದು ಬರೆದೆ.

"ಏನ್ ಬರದ್ರಿ?"

"‘ಬಿದ್ದಿದೆ’ ಎಂದು."

ಮೇಸ್ತ್ರಿಯ ಮುಖ ಕೆಂಪಾಯಿತು. ಗೋಡೆ ನೆಟ್ಟಗಿದೆಯೇ ಎಂದು ನೋಡುವ, ದಾರ ಕಟ್ಟಿದ ಗುಂಡನ್ನು ಸೊಂಟದಿಂದ ತೆಗೆದು ಕಾಂಡದ ಪಕ್ಕಕ್ಕೆ ಇಳಿಬಿಟ್ಟ.

"ಮದ್ಲ ಜರಾ ವಾಲಿತ್ತು, ಅದನೂ ಸರಿ ಮಾಡೀನ್ರಿ. ನೀವ ನೋಡ್ರಿ, ಕೂದಲೆಳಿಯಷ್ಟೂ ಸೊಟ್ಟ ಇಲ್ಲ!"